ಕೆಸರಿನಲ್ಲಿ ಓಡುವ ಲಾರಿ

(ನಮ್ಮೂರಿನ ಸಿನಿಮಾ ಗೆಳೆಯರು ಭಾನುವಾರ ಸಂಜೆ ಶಾಲೆಯೊಂದರ ಸಭಾಂಗಣದಲ್ಲಿ ‘ಕೈದಿ’ ತಮಿಳು ಚಿತ್ರ ತೋರಿಸಿದ ಮೇಲೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಅಡ್ಡದಾರಿ ಹಿಡಿದದ್ದನ್ನು ಅಲ್ಲಲ್ಲಿ ಕತ್ತರಿಸಿದ್ದೇನೆ, ಎಲ್ಲವನ್ನೂ ಅಲ್ಲ.)

ಚಹಾ ಮುಗಿಯಿತೇ? ಹಿಂದಿನ ಸಾಲಿನವರು ಇನ್ನೂ ಬಿರಿಯಾನಿ ದೃಶ್ಯದ ಬಗ್ಗೆಯೇ ಮಾತಾಡುತ್ತಿದ್ದೀರಿ, ಕೇಳಿಸುತ್ತಿದೆ. ತಪ್ಪಿಲ್ಲ. ನಾನೂ ಅಲ್ಲಿಗೇ ಬರುವವನು.

ಮೊದಲು ಒಂದು ಪದದಿಂದ ಶುರು ಮಾಡುತ್ತೇನೆ. ನಾನು ಬೆಳೆದದ್ದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಇದ್ದ ಊರು. ಕೆಲಸಕ್ಕೆಂದು ತಲೆಮಾರುಗಳ ಹಿಂದೆಯೇ ಬಂದು ನೆಲೆ ನಿಂತ ತಮಿಳು ಮನೆಗಳು ಬೀದಿಗೆ ನಾಲ್ಕಾದರೂ ಇದ್ದವು. ನಮ್ಮ ಪಕ್ಕದ ಮನೆಯ ಅಜ್ಜಿ ಸಿನಿಮಾ ನೋಡಿ ಬಂದರೆ ಒಂದೇ ಪದದಲ್ಲಿ ತೀರ್ಪು ಕೊಡುತ್ತಿದ್ದರು: ‘ವಿರುವಿರುಪ್ಪು’. ಇದೆ, ಅಥವಾ ಇಲ್ಲ. ಅಷ್ಟೇ ವಿಮರ್ಶೆ. ತಮಿಳು ಪತ್ರಿಕೆಗಳ ಜಾಹೀರಾತಿನಲ್ಲೂ ಅದೇ ಪದ ಇರುತ್ತದೆ ಎಂದು ಆಮೇಲೆ ಗೊತ್ತಾಯಿತು. ನನಗೆ ತಮಿಳು ಓದಲು ಬರುವುದಿಲ್ಲ, ಕಿವಿಗೆ ಬಿದ್ದಷ್ಟೇ ಬಂಡವಾಳ. ಆದರೆ ಆ ಕಿವಿಗೆ ‘ವಿರುವಿರು’ ಅಂದರೆ ನಮ್ಮ ‘ಬಿರಬಿರನೆ ನಡಿ’ ಎಂಬುದರ ಅಕ್ಕನಂತೆ ಕೇಳಿಸುತ್ತದೆ. ಅವರ ‘ವೇರು’ ನಮಗೆ ಬೇರು, ಅವರ ‘ವಿಲ್’ ನಮಗೆ ಬಿಲ್ಲು. ಹಾಗೆಯೇ ಇದೂ ಇರಬಹುದಲ್ಲ? ಭಾಷಾಶಾಸ್ತ್ರ ಓದಿದವರು ಇಲ್ಲಿದ್ದರೆ ಒಪ್ಪಬೇಕಿಲ್ಲ. ನನಗೆ ಬೇಕಾಗಿರುವುದು ಇಷ್ಟೇ: ಅಜ್ಜಿಯ ತೀರ್ಪು ಸರಿಯಾಗಿರುತ್ತಿತ್ತು, ಆದರೆ ಕಾರಣ ಮಾತ್ರ ಅವರು ಹೇಳುತ್ತಿರಲಿಲ್ಲ. ಕಾರು ಕಾರನ್ನು ಅಟ್ಟಿಸಿಕೊಂಡು ಹೋದ ಸಿನಿಮಾಕ್ಕೆ ಎಷ್ಟೋ ಸಲ ‘ಇಲ್ಲ’ ಅಂದಿದ್ದಾರೆ. ಇಬ್ಬರು ಮೇಜಿನ ಆಚೀಚೆ ಕೂತು ಮಾತಾಡಿದ್ದಕ್ಕೆ ‘ಇದೆ’ ಅಂದಿದ್ದಾರೆ. ಹಾಗಾದರೆ ಈ ವೇಗ ಎಲ್ಲಿಂದ ಬರುತ್ತದೆ?

ಕಂಬಳ ನೋಡಿದವರು ಕೈ ಎತ್ತಿ. ಸರಿ, ಸುಮಾರು ಜನ ಇದ್ದೀರಿ. ಅದೇ ಕೋಣಗಳನ್ನು ಟಾರು ರಸ್ತೆಯ ಮೇಲೆ ಓಡಿಸಿದರೆ ಯಾರು ನಿಂತು ನೋಡುತ್ತಾರೆ? ಕೆಸರು ಕಾಲನ್ನು ಹಿಡಿಯುತ್ತಿದೆ, ಆದರೂ ಓಡುತ್ತಿವೆ. ನೀರು ತಲೆಯೆತ್ತರಕ್ಕೆ ಚಿಮ್ಮುವುದು ಆ ಜಗ್ಗಾಟದಿಂದ. ನಮ್ಮ ಕಣ್ಣಿಗೆ ವೇಗ ಅಂತ ಕಾಣುವುದು ಆ ಚಿಮ್ಮಿದ ನೀರು. ಒಂದು ಪೊಲೀಸ್ ಥ್ರಿಲ್ಲರ್ ನೋಡುವಾಗಲೂ ನಾನು ಕೇಳಿಕೊಳ್ಳುವುದು ಇದನ್ನೇ: ಈ ಸಿನಿಮಾದಲ್ಲಿ ಕೆಸರು ಯಾವುದು?

ಈಗ ತಾನೆ ನೋಡಿದಿರಿ, ‘ಕೈದಿ’ಯಲ್ಲಿ ಕೆಸರಿಗೆ ಬರವಿಲ್ಲ. 2019ರ ಅಕ್ಟೋಬರ್ 25, ದೀಪಾವಳಿಯ ಬಿಡುಗಡೆ. ಎದುರಿಗೆ ವಿಜಯ್ ಅವರ ‘ಬಿಗಿಲ್’ ಅದೇ ದಿನ ಬಂದಿತ್ತು. ಅಂಥ ಹೊತ್ತಿನಲ್ಲಿ ನಿರ್ದೇಶಕ ಲೋಕೇಶ್ ಕನಗರಾಜ್ ತಂದದ್ದು ನಾಯಕಿ ಇಲ್ಲದ, ಹಾಡು ಕುಣಿತ ಇಲ್ಲದ, ಹಗಲು ಅನ್ನುವುದೇ ಹೆಚ್ಚುಕಡಿಮೆ ಇಲ್ಲದ ಒಂದು ಸಿನಿಮಾ. ಅವರಿಗದು ಎರಡನೆಯ ಚಿತ್ರ.

ಕಥೆ ಒಂದೇ ರಾತ್ರಿಯದು, ತಿರುಚ್ಚಿಯ ಸುತ್ತ. ಔತಣದಲ್ಲಿ ವಿಷ ಬೆರೆಸಿದ ಮದ್ಯ ಕುಡಿದು ಪೊಲೀಸ್ ಅಧಿಕಾರಿಗಳು ಸಾಲಾಗಿ ನೆಲಕ್ಕುರುಳಿದ್ದಾರೆ. ಔಷಧಿ ತೆಗೆದುಕೊಳ್ಳುತ್ತಿದ್ದುದರಿಂದ ಕುಡಿಯದೆ ಉಳಿದ ಬಿಜಾಯ್ ಎಂಬ ಅಧಿಕಾರಿಗೆ ಒಂದು ಕೈ ಮುರಿದು ಪಟ್ಟಿಯಲ್ಲಿದೆ. ಅಡುಗೆಗೆ ಬಂದ ಹುಡುಗನ ಲಾರಿ ಇದೆ, ಓಡಿಸುವವರಿಲ್ಲ. ಹತ್ತು ವರ್ಷ ಜೈಲಿನಲ್ಲಿದ್ದು ಅಂದೇ ಹೊರಬಂದ ದಿಲ್ಲಿ ಎಂಬಾತ, ಮಗಳ ಮುಖ ಮೊದಲ ಸಲ ನೋಡಲು ಹೊರಟವನು, ಅನುಮಾನದ ಮೇಲೆ ಹಿಡಿಸಿಕೊಂಡು ಅಲ್ಲಿದ್ದಾನೆ. ಅವನು ಲಾರಿ ಓಡಿಸಬೇಕು.

ಈಗ ಲಾರಿಯನ್ನು ನೋಡಿ. ಥ್ರಿಲ್ಲರಿಗೆ ಇದಕ್ಕಿಂತ ಕೆಟ್ಟ ವಾಹನ ಉಂಟೇ? ಬೈಕಿನ ಹಾಗೆ ಸಂದಿಯಲ್ಲಿ ನುಗ್ಗುವುದಿಲ್ಲ, ಕಾರಿನ ಹಾಗೆ ಚಕ್ಕನೆ ತಿರುಗುವುದಿಲ್ಲ. ಹಿಂದೆ ಪ್ರಜ್ಞೆ ತಪ್ಪಿದ ಜನ ಮೂಟೆಗಳಂತೆ ಮಲಗಿದ್ದಾರೆ. ಹೊತ್ತು ಮೀರಿದರೆ ಸಾಯುತ್ತಾರೆ. ಓಡಲೂಬೇಕು, ಓಡಲೂ ಆಗದು. ಇದು ಮೊದಲ ಕೆಸರು.

ಎರಡನೆಯದು ಬಿರಿಯಾನಿ. ಎಲ್ಲರೂ ಸಾಯುತ್ತಿದ್ದಾರೆ, ಬಿಜಾಯ್ ಪರದಾಡುತ್ತಿದ್ದಾನೆ, ದಿಲ್ಲಿ ಬಕೆಟ್ಟಿಗೆ ಕೈ ಹಾಕಿ ತಿನ್ನುತ್ತಿದ್ದಾನೆ. ಆತುರವಿಲ್ಲ. ಹತ್ತು ವರ್ಷದ ಹಸಿವು ಅದು, ಬಾಯಿಂದ ಒಂದು ಮಾತೂ ಬರುವುದಿಲ್ಲ. ಕಥೆಯ ಲೆಕ್ಕದಲ್ಲಿ ಆ ಹೊತ್ತಿನಲ್ಲಿ ಏನೂ ನಡೆಯುವುದಿಲ್ಲ. ಆದರೆ ಇವತ್ತು ಸಭಾಂಗಣ ಮೊದಲ ಸಲ ನಕ್ಕು ಚಪ್ಪಾಳೆ ತಟ್ಟಿದ್ದು ಅಲ್ಲೇ. ದಿಲ್ಲಿಯ ಪಾತ್ರ ಮಾಡಿದ ಕಾರ್ತಿಯ ದೇಹ ಎಷ್ಟು ಶಕ್ತಿವಂತ ಎಂಬುದು ನಮಗೆ ಗೊತ್ತಾಗುವುದು ಹೊಡೆದಾಟದಿಂದ ಅಲ್ಲ, ಊಟದಿಂದ. ಬಕಾಸುರನ ಬಂಡಿಯ ಮುಂದೆ ಕೂತು ಉಣ್ಣುವ ಭೀಮನನ್ನು ಯಕ್ಷಗಾನದಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಭೀಮ ಮೊದಲು ಉಂಡು ಮುಗಿಸುತ್ತಾನೆ. ರಾಕ್ಷಸ ಬೆನ್ನಿಗೆ ಗುದ್ದುತ್ತಲೇ ಇರುತ್ತಾನೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಲಾರಿ ಒಂದು ಕಡೆ ಬರುತ್ತಿದೆ. ಇನ್ನೊಂದು ಕಡೆ ಪೊಲೀಸ್ ಕಮಿಷನರ್ ಕಚೇರಿ ಬಾಗಿಲು ಹಾಕಿಕೊಂಡು ಕೂತಿದೆ. ವಶಪಡಿಸಿಕೊಂಡ ಮಾದಕ ವಸ್ತು ಅದರ ನೆಲದಡಿಯಲ್ಲಿದೆ, ಅದಕ್ಕಾಗಿ ಅನ್ಬು ಎಂಬ ಖಳನ ಗುಂಪು ಮುತ್ತಿಗೆ ಹಾಕುತ್ತಿದೆ. ಒಳಗಿರುವವರು ಓಡಿಹೋಗಿದ್ದಾರೆ. ಉಳಿದದ್ದು ವರ್ಗವಾಗಿ ಅಲ್ಲಿಗೆ ಬಂದ ಒಬ್ಬ ಕಾನ್ಸ್ಟೇಬಲ್, ಯಾವುದೋ ಸಣ್ಣ ಕೇಸಿಗೆ ಹಿಡಿದು ತಂದ ಕೆಲವು ಕಾಲೇಜು ಹುಡುಗ ಹುಡುಗಿಯರು. ಕಾನ್ಸ್ಟೇಬಲಿನ ಹೆಸರು ನೆಪೋಲಿಯನ್! ಆ ಸಣ್ಣ ಮೈಕಟ್ಟಿಗೆ ಆ ಹೆಸರಿಟ್ಟವರಿಗೆ ಒಂದು ನಮಸ್ಕಾರ. ಪಾತ್ರ ಮಾಡಿದ ಜಾರ್ಜ್ ಮರಿಯನ್ ಅಲ್ಲಿಯವರೆಗೆ ಹೆಚ್ಚಾಗಿ ಸಣ್ಣಪುಟ್ಟ ಹಾಸ್ಯ ಪಾತ್ರಗಳಲ್ಲಿ ಬಂದು ಹೋದವರು. ಪೊಲೀಸ್ ಸಿನಿಮಾಗಳಲ್ಲಿ ಇಂಥ ಕಾನ್ಸ್ಟೇಬಲ್‌ಗೆ ಇರುವ ಕೆಲಸ ಏನು? ಇನ್ಸ್‌ಪೆಕ್ಟರ್ ಬಂದಾಗ ಸಲ್ಯೂಟ್ ಹೊಡೆಯುವುದು, ಹೊಟ್ಟೆ ಕುಣಿಸಿ ನಗಿಸುವುದು, ಜೀಪಿನ ಬಾಗಿಲು ತೆರೆಯುವುದು. ಇಲ್ಲಿ ಆತ ಬಾಗಿಲು ಹಾಕುತ್ತಾನೆ, ತೆರೆಯಲು ಒಪ್ಪುವುದಿಲ್ಲ. ದಿಲ್ಲಿಯ ಕೆಲಸ ಬರುವುದು, ನೆಪೋಲಿಯನ್ನನ ಕೆಲಸ ನಿಲ್ಲುವುದು. ಒಬ್ಬ ನಿಂತಿದ್ದಾನೆ ಎಂಬ ಕಾರಣಕ್ಕೇ ಇನ್ನೊಬ್ಬನ ಓಟಕ್ಕೆ ಅರ್ಥ. ನಾಲ್ಕು ವರ್ಷದ ಮೇಲೆ ಅದೇ ನಿರ್ದೇಶಕರ ‘ಲಿಯೋ’ದಲ್ಲಿ ನೆಪೋಲಿಯನ್ ಮತ್ತೆ ಕಾಣಿಸಿಕೊಂಡಾಗ ನಾನಿದ್ದ ಬೆಂಗಳೂರಿನ ಚಿತ್ರಮಂದಿರದಲ್ಲಿ ಬಿದ್ದ ಶಿಳ್ಳೆಗೆ ನಾಯಕನೇ ಹೊಟ್ಟೆಕಿಚ್ಚು ಪಡಬೇಕಿತ್ತು.

ಇನ್ನು ಅನಾಥಾಶ್ರಮದಲ್ಲಿ ಯಾರೋ ಬರುತ್ತಾರೆಂದು ಕಾದಿರುವ ದಿಲ್ಲಿಯ ಮಗಳು. ಲಾರಿಗೂ ಅವಳಿಗೂ ಸಂಬಂಧವೇ ಇಲ್ಲ. ಆದರೆ ಕ್ಯಾಮೆರಾ ಅವಳ ಕಡೆ ಹೋಗಿ ಬಂದಾಗಲೆಲ್ಲ ಲಾರಿ ಇನ್ನೂ ನಿಧಾನವಾಯಿತು ಅನ್ನಿಸುತ್ತದೆ.

ದಿಲ್ಲಿ ತನ್ನ ಹಿಂದಿನ ಕಥೆ ಹೇಳುವ ದೃಶ್ಯವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಬೇರೆ ಯಾರೇ ಆಗಿದ್ದರೂ ಅಲ್ಲೊಂದು ಫ್ಲ್ಯಾಶ್‌ಬ್ಯಾಕ್ ಇಡುತ್ತಿದ್ದರು. ಹಸಿರು ಊರು, ಹೆಂಡತಿ, ಒಂದು ಹಾಡು, ಮಳೆ, ಕೊಲೆ. ಇಲ್ಲಿ ಅದೇನೂ ಇಲ್ಲ, ಕಾರ್ತಿಯ ಮುಖವೊಂದೇ. ಮುಖ ಒಡೆಯುವುದನ್ನು ನಾವು ನೋಡುತ್ತೇವೆ, ಕೊಲೆಯನ್ನು ನೋಡುವುದಿಲ್ಲ. ಇದು ಉಳಿತಾಯಕ್ಕೆ ಮಾಡಿದ್ದಲ್ಲ. ರಾತ್ರಿಯಿಂದ ಆಚೆ ಕಾಲಿಟ್ಟರೆ ರಾತ್ರಿಯ ಬಿಗಿ ಸಡಿಲವಾಗುತ್ತದೆ ಎಂಬ ಅರಿವು ಅದು. 2023ರಲ್ಲಿ ಹಿಂದಿಯಲ್ಲಿ ಇದೇ ಕಥೆ ‘ಭೋಲಾ’ ಎಂದು ಬಂತು. ಅಜಯ್ ದೇವಗನ್ ನಟನೆ, ನಿರ್ದೇಶನ ಎರಡೂ. ಹೊಡೆದಾಟ ದೊಡ್ಡದಾಯಿತು, ಹೆಂಡತಿಯೂ ಹಾಡೂ ಬಂದವು. ನೋಡಿ ಬಂದ ಮೇಲೆ ನನಗೆ ಪಕ್ಕದ ಮನೆಯ ಅಜ್ಜಿ ನೆನಪಾದರು: ‘ಇಲ್ಲ’.

ಬೆಳಕಿನ ಬಗ್ಗೆ ಒಂದೇ ಮಾತು. ಸತ್ಯನ್ ಸೂರ್ಯನ್ ಛಾಯಾಗ್ರಾಹಕರು. ರಾತ್ರಿ ದೃಶ್ಯ ಅಂದರೆ ನೀಲಿ ಬಣ್ಣ ಬಳಿಯುವ ಅಭ್ಯಾಸ ನಮ್ಮ ಸಿನಿಮಾಗಳಿಗೆ ಬಹಳ ಕಾಲದಿಂದ ಇದೆ. ಇಲ್ಲಿ ಕತ್ತಲೆ ಕತ್ತಲೆಯಾಗಿಯೇ ಇದೆ. ಹೆಡ್‌ಲೈಟಿನ ಹಳದಿ ಎಷ್ಟು ದೂರ ಬೀಳುತ್ತದೋ ಅಷ್ಟೇ ಲೋಕ. ಅದರಾಚೆ ಏನಿದೆ ದಿಲ್ಲಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆಗುಂಬೆ ಘಾಟಿಯಲ್ಲಿ ರಾತ್ರಿ ಮಂಜಿನಲ್ಲಿ ಇಳಿದವರಿಗೆ ಈ ಭಯ ಬಿಡಿಸಿ ಹೇಳಬೇಕಿಲ್ಲ.

ಅದೇ ಸೂರ್ಯನ್, ಅದೇ ಕಾರ್ತಿ ಎರಡು ವರ್ಷ ಮೊದಲು ಇನ್ನೊಂದು ಪೊಲೀಸ್ ಸಿನಿಮಾ ಮಾಡಿದ್ದರು. ಎಚ್. ವಿನೋದ್ ನಿರ್ದೇಶನದ ‘ತೀರನ್ ಅಧಿಗಾರಂ ಒಂಡ್ರು’, 2017. ತಮಿಳುನಾಡಿನಲ್ಲಿ ಹೆದ್ದಾರಿ ಬದಿಯ ಒಂಟಿ ಮನೆಗಳಿಗೆ ನುಗ್ಗಿ ಕೊಂದು ದೋಚುತ್ತಿದ್ದ ಗುಂಪುಗಳನ್ನು ಹುಡುಕಿ ಉತ್ತರ ಭಾರತಕ್ಕೆ ಹೋದ ಪೊಲೀಸ್ ತಂಡದ ನಿಜ ಘಟನೆ ಅದಕ್ಕೆ ಆಧಾರ. 2005ರಲ್ಲಿ ಗುಮ್ಮಿಡಿಪೂಂಡಿಯ ಶಾಸಕರೊಬ್ಬರು ಹಾಗೆ ಕೊಲೆಯಾದ ಮೇಲೆ ಆ ತನಿಖೆಗೆ ಬಿರುಸು ಬಂತು. ಅಲ್ಲಿನ ಕೆಸರು ಬೇರೆ ಥರದ್ದು: ಬೆರಳಚ್ಚು ಇದೆ, ಅದಕ್ಕೆ ಹೊಂದುವ ಬೆರಳು ಇಡೀ ದೇಶದಲ್ಲಿ ಎಲ್ಲಿದೆ ಗೊತ್ತಿಲ್ಲ. ಮೇಲಿನವರು ಹಣ ಮಂಜೂರು ಮಾಡುವುದಿಲ್ಲ, ಭಾಷೆ ಬರುವುದಿಲ್ಲ, ಊರು ಸಹಕರಿಸುವುದಿಲ್ಲ. ಫೈಲು, ಭತ್ಯೆ, ಕಾಯುವಿಕೆ. ಪ್ರೇಮದ ಹಾಡುಗಳನ್ನು ಬಿಟ್ಟರೆ (ಚಹಾಕ್ಕೆ ಎದ್ದು ಹೋಗಲು ಅವು ಅನುಕೂಲ) ಚಿತ್ರ ಒಂದು ಕ್ಷಣವೂ ಕೈಬಿಡುವುದಿಲ್ಲ. ಕಚೇರಿಯ ಬೇಸರದಿಂದಲೇ ವೇಗ ಹುಟ್ಟಿಸಬಹುದು ಎಂದು ಆ ಚಿತ್ರ ನನಗೆ ಕಲಿಸಿತು.

ಆದರೆ ಅದೇ ಚಿತ್ರ ಒಂದು ಕಡೆ ತೀರಾ ಬೇಗ ಓಡಿಬಿಡುತ್ತದೆ. ದರೋಡೆ ಗುಂಪನ್ನು ಒಂದು ಅಲೆಮಾರಿ ಸಮುದಾಯದ ಜೊತೆ ಗಂಟುಹಾಕಿ, ಅವರ ಚರಿತ್ರೆಯನ್ನು ನಿಮಿಷಗಳಲ್ಲಿ ಹೇಳಿ ಮುಗಿಸಿ ಮತ್ತೆ ಬೆನ್ನಟ್ಟಲು ಹೊರಡುತ್ತದೆ. 1871ರಲ್ಲಿ ಬ್ರಿಟಿಷರು ಮಾಡಿದ ಕಾನೂನು ಇಡೀ ಜಾತಿಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ಇದು ಎಲ್ಲೋ ದೂರದ ಮಾತು ಅಂದುಕೊಳ್ಳಬೇಡಿ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಜಾಗ ಇಂದಿಗೂ ಇದೆ. ಮುಂಬೈ ಪ್ರಾಂತ್ಯದ ಸರ್ಕಾರ ಅಂಥ ಸಮುದಾಯಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದ ವಸಾಹತುಗಳು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿದ್ದವು. ಅಲ್ಲಿ ಬೆಳೆದ ನನ್ನ ಸ್ನೇಹಿತನೊಬ್ಬ ನನ್ನ ಜೊತೆಗೇ ‘ತೀರನ್’ ನೋಡಿದ. ಬಸ್ಸಿನ ಹೊಡೆದಾಟದ ದೃಶ್ಯದಲ್ಲಿ ಇಬ್ಬರೂ ಸೀಟಿನ ತುದಿಗೆ ಬಂದಿದ್ದೆವು. ಹೊರಗೆ ಬಂದ ಮೇಲೆ ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಫಿಲ್ಮ್ ಛಲೋ ಐತಿ. ನಾಳೆ ನಮ್ಮ ಓಣಿಯೊಳಗ ಪೊಲೀಸ್ ಜೀಪ್ ಬಂದ್ರ ಇದೂ ನೆನಪಾಗ್ತದ’ ಅಂದ.

ಇಲ್ಲಿಂದ ನಾನು ಸ್ವಲ್ಪ ತೊಡಕಿನ ಜಾಗಕ್ಕೆ ಬರುತ್ತೇನೆ.

ಪೊಲೀಸ್ ಸಿನಿಮಾದ ಅಬ್ಬರ ನಮಗೇನು ಹೊಸತಲ್ಲ. 1988ರಲ್ಲಿ ‘ಸಾಂಗ್ಲಿಯಾನ’ ಆಗಿ ಶಂಕರ್ ನಾಗ್, 1996ರಲ್ಲಿ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್. ಸಾಯಿಕುಮಾರ್ ಸಂಭಾಷಣೆ ಹೇಳಿದರೆ ಸ್ಪೀಕರ್ ಒಡೆಯುತ್ತದೆಯೇನೋ ಎಂದು ಚಿತ್ರಮಂದಿರದವರು ಹೆದರಬೇಕು, ಹಾಗಿತ್ತು. ತಮಿಳಿನಲ್ಲಿ ಆ ಅಬ್ಬರಕ್ಕೆ ವೇಗದ ಚಕ್ರ ಕಟ್ಟಿದವರು ನಿರ್ದೇಶಕ ಹರಿ. 2010ರ ಅವರ ‘ಸಿಂಗಂ’ನಲ್ಲಿ ಸೂರ್ಯ ದೊರೈಸಿಂಗಂ, ತೂತ್ತುಕುಡಿ ಕಡೆಯ ಹಳ್ಳಿಯ ಪೊಲೀಸ್ ಅಧಿಕಾರಿ. ಖಳ ನಮ್ಮವರೇ, ಪ್ರಕಾಶ್ ರೈ. ಮರುವರ್ಷ ಸುದೀಪ್ ತಾವೇ ನಿರ್ದೇಶಿಸಿ ಅದನ್ನು ‘ಕೆಂಪೇಗೌಡ’ ಮಾಡಿದರು. ಖಳನಾಗಿ ಬಂದ ರವಿಶಂಕರ್ ‘ಆರ್ಮುಗಂ’ ಎಂದೇ ಮನೆಮಾತಾದರು. ಅವರು ಸಾಯಿಕುಮಾರ್ ಅವರ ತಮ್ಮ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಅಣ್ಣ ಖಾಕಿ ತೊಟ್ಟು ಗರ್ಜಿಸಿದ, ತಮ್ಮ ಖಾಕಿಯ ಎದುರು ನಿಂತು ಗರ್ಜಿಸಿದ. ಗಂಟಲಂತೂ ಒಂದೇ ಮನೆಯದು.

ನಾನು ‘ಸಿಂಗಂ’ ನೋಡಿ ಶಿಳ್ಳೆ ಹೊಡೆದವನೇ, ಸುಳ್ಳು ಹೇಳುವುದಿಲ್ಲ. ಹರಿಯ ಸಿನಿಮಾದಲ್ಲಿ ಸುಮೋಗಳು ನಿಲ್ಲುವುದಿಲ್ಲ, ಕ್ಯಾಮೆರಾ ಕೂರುವುದಿಲ್ಲ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ದೃಶ್ಯ ಬಂದಿರುತ್ತದೆ. ಅಲ್ಲಿ ಕೆಸರು ಯಾವುದು? ಬಹಳ ವರ್ಷ ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು 2020ರ ಜೂನ್‌ನಲ್ಲಿ.

ಆ ತಿಂಗಳು ಸಾತ್ತಾನ್‌ಕುಳಂ ಎಂಬ ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ತಂದೆಯನ್ನೂ ಮಗನನ್ನೂ ಲಾಕ್‌ಡೌನ್ ನಿಯಮದ ಹೆಸರಿನಲ್ಲಿ ಠಾಣೆಗೆ ಒಯ್ದರು. ಅಲ್ಲಿ ಆದ ಹೊಡೆತಗಳಿಂದ ಇಬ್ಬರೂ ಸತ್ತರು. ಸಾತ್ತಾನ್‌ಕುಳಂ ಇರುವುದು ತೂತ್ತುಕುಡಿ ಜಿಲ್ಲೆಯಲ್ಲಿ, ಅಂದರೆ ದೊರೈಸಿಂಗಂನ ಜಿಲ್ಲೆಯಲ್ಲಿ. ಕೆಲವೇ ದಿನಗಳಲ್ಲಿ ಹರಿ ಒಂದು ಹೇಳಿಕೆ ಹೊರಡಿಸಿದರು: ಪೊಲೀಸರನ್ನು ವೈಭವೀಕರಿಸಿ ಐದು ಚಿತ್ರ ಮಾಡಿದ್ದಕ್ಕೆ ತಮಗೆ ವಿಷಾದವಿದೆ ಎಂದು. ಯಶಸ್ವಿಯಾದ ಚಿತ್ರಗಳ ಬಗ್ಗೆ ಅವನ್ನು ಮಾಡಿದವರೇ ಹೀಗೆ ಹೇಳುವುದು ಅಪರೂಪ. ಅವರಿಗೆ ಅದು ಸುಲಭವಾಗಿರಲಿಕ್ಕಿಲ್ಲ.

ಆಗ ನನಗೆ ಕಂಡದ್ದು ಇದು. ‘ಸಿಂಗಂ’ ಥರದ ಸಿನಿಮಾದಲ್ಲಿ ನಾಯಕನ ಕಾಲು ಹಿಡಿಯುವ ಕೆಸರು ಕಾನೂನೇ. ವಾರಂಟ್ ಕೇಳುವವನು, ಜಾಮೀನು ತರುವ ವಕೀಲ, ಹಕ್ಕಿನ ಮಾತಾಡುವ ಹೆಂಗಸು, ಇವರೆಲ್ಲ ಕಥೆಗೆ ಅಡ್ಡಿ. ಅವರನ್ನು ತಳ್ಳಿ ಲಾಠಿ ಎತ್ತಿದ ಕ್ಷಣವೇ ನೀರು ಚಿಮ್ಮುತ್ತದೆ, ನಮ್ಮ ಶಿಳ್ಳೆ ಬೀಳುತ್ತದೆ. ‘ಕೈದಿ’ಯಲ್ಲೂ ಹೊಡೆತಕ್ಕೇನು ಕಮ್ಮಿ ಇಲ್ಲ, ಕೊನೆಯಲ್ಲಿ ಆ ಮಷೀನ್ ಗನ್ನು ಹೊರಬಂದಾಗ ಲೆಕ್ಕವೂ ತಪ್ಪುತ್ತದೆ. ಅದು ಸಾಧು ಚಿತ್ರ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕಾಲು ಹಿಡಿಯುವುದು ರಾತ್ರಿ, ದೂರ, ವಿಷ, ಮುರಿದ ಕೈ. ಠಾಣೆಯ ಬಾಗಿಲು ಮುಚ್ಚುವುದು ಒಳಗಿನ ಹುಡುಗರನ್ನು ಹೊಡೆಯಲಿಕ್ಕಲ್ಲ, ಉಳಿಸಲಿಕ್ಕೆ. ಅನುಮಾನದ ಮೇಲೆ ಹಿಡಿಸಿಕೊಂಡ ಒಬ್ಬ ಮಾಜಿ ಕೈದಿಯ ಕಣ್ಣಿನಿಂದ ಪೊಲೀಸರನ್ನು ನೋಡುತ್ತೇವೆ, ಜೀಪಿನ ಮುಂದಿನ ಸೀಟಿನಿಂದ ಅಲ್ಲ. ಹೆಸರೇ ‘ಕೈದಿ’ ಅಲ್ಲವೇ?

ತಮಿಳಿನಲ್ಲೇ ‘ಸಿಂಗಂ’ ದಾರಿಗೆ ಪೂರ್ತಿ ಎದುರು ದಿಕ್ಕಿನ ಥ್ರಿಲ್ಲರ್ ಒಂದಿದೆ. ವೆಟ್ರಿಮಾರನ್ ಅವರ ‘ವಿಸಾರಣೈ’, ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಮ್ಮ ಅನುಭವದಿಂದ ಬರೆದ ‘ಲಾಕ್ ಅಪ್’ ಕಾದಂಬರಿ ಆಧರಿಸಿದ್ದು. ಆಂಧ್ರಕ್ಕೆ ಕೂಲಿಗೆ ಹೋದ ತಮಿಳು ಹುಡುಗರು ಮಾಡದ ಕಳ್ಳತನ ಒಪ್ಪಿಕೊಳ್ಳುವವರೆಗೆ ಏಟು ತಿನ್ನುತ್ತಾರೆ. ಅದರಲ್ಲೂ ಉಸಿರು ಬಿಗಿಹಿಡಿಯುತ್ತೀರಿ, ಗಡಿಯಾರ ನೋಡುತ್ತೀರಿ. ಶಿಳ್ಳೆ ಮಾತ್ರ ಬರುವುದಿಲ್ಲ. ಮುಂದಿನ ತಿಂಗಳು ಅದನ್ನು ಇಲ್ಲಿ ತೋರಿಸೋಣ ಎಂದು ಸಂಘಟಕರಿಗೆ ಹೇಳಿದ್ದೇನೆ. ಜನ ಬರುವುದಿಲ್ಲ ಅಂದರು. ನೋಡೋಣ.

ಗಡಿಯಾರ ಅಂದೆ, ಅದಕ್ಕೇ ಒಂದು ಮಾತು. ನಮ್ಮ ಥ್ರಿಲ್ಲರುಗಳಿಗೆ ಗಡುವು ಅಂದರೆ ಪ್ರಾಣ. ಬಾಂಬು ಇಷ್ಟು ನಿಮಿಷಕ್ಕೆ ಸಿಡಿಯುತ್ತದೆ, ವಿಷ ಇಷ್ಟು ಗಂಟೆಗೆ ಏರುತ್ತದೆ. ಸಂವಿಧಾನದ 22ನೇ ವಿಧಿಯಲ್ಲೂ ಒಂದು ಗಡುವಿದೆ: ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯ ಬೇರೆ. ಒಂದು ದಿನ, ಒಂದು ರಾತ್ರಿ. ದೂರದ ಠಾಣೆ, ಕೆಟ್ಟು ನಿಂತ ಜೀಪು, ಭಾನುವಾರ, ಮೇಲಧಿಕಾರಿಯ ಫೋನು, ಹೊರಗೆ ಕೂಗುವ ಗುಂಪು. ನಡುವೆ ಒಬ್ಬ ಕಾನ್ಸ್ಟೇಬಲ್, ಹಿಡಿದ ಹುಡುಗನನ್ನು ಏಟು ಬೀಳದಂತೆ ಹೊತ್ತಿಗೆ ಸರಿಯಾಗಿ ಮ್ಯಾಜಿಸ್ಟ್ರೇಟರ ಮನೆಬಾಗಿಲಿಗೆ ತಲುಪಿಸಬೇಕು. ಲಾರಿಯೂ ಬೇಕಿಲ್ಲ, ಸರ್ಕಾರಿ ಬಸ್ಸಾದರೂ ಸಾಕು. ಯಾರಾದರೂ ಬರೆಯುತ್ತೀರಾ? ಮುಂದಿನ ಸಾಲಿನಲ್ಲಿ ನಾಲ್ಕೈದು ಹುಡುಗರು ಕಿರುಚಿತ್ರ ಮಾಡುವವರಿದ್ದೀರಿ. ಪುಕ್ಕಟೆ ಕೊಟ್ಟಿದ್ದೇನೆ.

ನನ್ನ ಮಾತು ಇಲ್ಲಿಗೆ ನಿಂತಿತು. ಆಮೇಲೆ ಪ್ರಶ್ನೆಗಳು ಬಂದವು. ಅನ್ಬು ಪಾತ್ರ ಮಾಡಿದ ಅರ್ಜುನ್ ದಾಸ್ ಅವರ ಗಂಟಲು ನಿಜವೋ ಡಬ್ಬಿಂಗೋ ಎಂದು ಒಬ್ಬ ಹುಡುಗಿ ಕೇಳಿದಳು. ನಿಜವೇ, ಆ ಕಂಚಿನ ದನಿ ಅವರದೇ. ಎರಡನೆಯ ಭಾಗ ಯಾವಾಗ ಎಂದು ಮೂವರು ಕೇಳಿದರು, ನನ್ನ ಕೈಯಲ್ಲಿ ಇದ್ದಿದ್ದರೆ ಇವತ್ತೇ ಎಂದೆ. ಕೊನೆಗೆ ಕಿಟಕಿಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಎದ್ದರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್ಸ್ಟೇಬಲ್ ಆಗಿ ನಿವೃತ್ತರಾದವರಂತೆ. ಸಿನಿಮಾ ನಡೆಯುವಾಗ ಒಮ್ಮೆಯೂ ಚಪ್ಪಾಳೆ ತಟ್ಟದೆ, ಕೊಡೆಯ ಹಿಡಿಯ ಮೇಲೆ ಗಲ್ಲ ಊರಿ ನೋಡುತ್ತಿದ್ದವರು.

‘ಸಾರ್, ನಂದೊಂದೇ ಪ್ರಶ್ನೆ,’ ಅಂದರು. ‘ಆ ನೆಪೋಲಿಯನ್‌ಗೆ ಮಾರನೇ ದಿನ ರಜ ಕೊಟ್ರಾ?’